ಕಾಲು ತಾಕಿದರೆ ಬಗ್ಗುವ ಹುಡುಗಿ

ನನಗೆ ಸುಸ್ತಾಗಿದೆ ಎಂದರೆ ಯಾರೂ ನಂಬುವುದಿಲ್ಲ. ಕೊರಳಲ್ಲಿ ಸೀಟಿ, ಕಾಲಲ್ಲಿ ಬೂಟು, ಬಾಯಿ ತೆರೆದರೆ ಮೈದಾನದ ಆಚೆ ತುದಿಗೂ ಕೇಳುವ ಗಂಟಲು. ಇಂಥವಳಿಗೆ ಎಂಥ ಸುಸ್ತು ಅಂತಾರೆ. ಹೊಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಆಟ ಕಲಿಸುವ ಮೇಡಂ ನಾನು. ಮಂಡಿ ಎರಡೂ ಸವೆದಿವೆ. ಬೆಳಿಗ್ಗೆ ಮೈದಾನಕ್ಕೆ ಸುಣ್ಣದ ಗೆರೆ ಎಳೆಯಲು ಬಗ್ಗಿದರೆ ಏಳುವಾಗ ಯಾರಾದರೂ ಕೈ ಕೊಡಬೇಕು. ಆದರೂ ಪ್ರಿನ್ಸಿಪಾಲರು ಕಂಡಾಗಲೆಲ್ಲ ‘ನೀಂಗ ಎಪ್ಪವುಮೇ ಆಕ್ಟಿವ್ ಮೇಡಂ’ ಎಂದು ತಮಿಳಿನಲ್ಲಿ ಹೊಗಳಿ, ಇನ್ನೊಂದು ಕೆಲಸ ತಲೆಗೆ ಕಟ್ಟಿ ಹೋಗುತ್ತಾರೆ. ಯಾವಾಗಲೂ ಆಕ್ಟಿವ್ ಅಂತೆ, ನನ್ನ ತಲೆ.

ನಾನು ಕಲಿಸುವುದು ನೆಟ್‌ಬಾಲ್. ಅದೇನು ಎಂದು ಕೇಳಿದವರಿಗೆಲ್ಲ ಹೇಳಿ ಹೇಳಿ ಬಾಯಿ ಒಣಗಿದೆ. ಬ್ಯಾಸ್ಕೆಟ್‌ಬಾಲಿನ ತಂಗಿ ಅಂದುಕೊಳ್ಳಿ ಎನ್ನುತ್ತೇನೆ. ಮನೆಗಳಲ್ಲಿ ಆಗುವ ಹಾಗೆ ಇಲ್ಲೂ ತಂಗಿಗೇ ಕಟ್ಟುಪಾಡು ಜಾಸ್ತಿ. ಚೆಂಡು ಪುಟಿಸುತ್ತ ಓಡುವಂತಿಲ್ಲ. ಕೈಗೆ ಬಂದ ಚೆಂಡನ್ನು ಮೂರು ಸೆಕೆಂಡಿನೊಳಗೆ ಇನ್ನೊಬ್ಬಳಿಗೆ ಎಸೆಯಬೇಕು, ಇಲ್ಲವೇ ಕಂಬದ ತುದಿಯ ಕಬ್ಬಿಣದ ಬಳೆಯೊಳಗೆ ಹಾಕಬೇಕು. ಚೆಂಡು ಹಿಡಿದವಳಿಂದ ಎದುರಾಳಿ ಮೂರಡಿ ದೂರ ನಿಲ್ಲಬೇಕು, ಅದೇನೋ ಸರಿ. ಆದರೆ ಚೆಂಡು ಬರುವುದಕ್ಕೆ ಮುಂಚೆ, ಮೈ ತಾಕಿ ಅಡ್ಡಿ ಮಾಡದೆ, ಎಷ್ಟು ಹತ್ತಿರ ಬೇಕಾದರೂ ಅಂಟಿಕೊಂಡು ನಿಲ್ಲಬಹುದು. ಎದುರಾಳಿಯ ಉಸಿರು ಕಿವಿಗೆ ಬಡಿಯುತ್ತಿರುತ್ತದೆ. ಅವಳಿಂದ ಬಿಡಿಸಿಕೊಂಡರೆ ಚೆಂಡು ಸಿಗುತ್ತದೆ. ಬಿಡಿಸಿಕೊಳ್ಳದಿದ್ದರೆ ಆಟ ಮುಗಿಯುವವರೆಗೂ ಸುಮ್ಮನೆ ಬೆವರುವುದು, ಅಷ್ಟೇ.

ಈ ಬಿಡಿಸಿಕೊಳ್ಳುವ ವಿದ್ಯೆಯನ್ನೇ ನಾನು ಇಷ್ಟು ವರ್ಷ ಹೇಳಿಕೊಟ್ಟಿದ್ದು. ನಮ್ಮ ಹುಡುಗಿಯರ ಮೊದಲ ತಪ್ಪು ಕೂಗುವುದು. ‘ಇಲ್ಲಿ ಇಲ್ಲಿ’ ಎಂದು ಕೂಗಿದರೆ ಎದುರಾಳಿಗೂ ಕೇಳಿಸುತ್ತದಲ್ಲ! ಒಂದು ವರ್ಷ ನಮ್ಮ ತಂಡದವರು ಜಾಣತನ ಮಾಡಿ, ತಮಿಳು ಕಾಲೇಜಿನ ಮೇಲೆ ಆಡುವಾಗ ಕನ್ನಡದಲ್ಲಿ, ಕನ್ನಡದವರ ಮೇಲೆ ಆಡುವಾಗ ತೆಲುಗಿನಲ್ಲಿ ಕೂಗುವುದೆಂದು ಗೊತ್ತುಮಾಡಿಕೊಂಡರು. ಈ ಗಡಿಸೀಮೆಯಲ್ಲಿ ಮೂರೂ ಭಾಷೆ ಬಾರದವರು ಯಾರಿದ್ದಾರೆ? ಎದುರಿನವರು ತೆಲುಗಿನಲ್ಲೇ ಉತ್ತರ ಕೊಟ್ಟು ಚೆಂಡು ಕಿತ್ತುಕೊಂಡು ಹೋದರು. ನಗುವುದೋ ಅಳುವುದೋ ತಿಳಿಯದೆ ಹಣೆ ಚಚ್ಚಿಕೊಂಡೆ.

ಎರಡನೆಯ ತಪ್ಪು ಅವಸರ. ಎಸೆಯುವವಳು ಇನ್ನೂ ಚೆಂಡು ಹಿಡಿದು ನೆಲಕ್ಕೆ ಕಾಲೂರಿರುವುದಿಲ್ಲ, ತಲೆ ಎತ್ತಿ ನೋಡಿರುವುದಿಲ್ಲ, ಅಷ್ಟರಲ್ಲೇ ಇವರು ಓಡಿ ಮುಗಿಸಿರುತ್ತಾರೆ. ‘ನಿಂತ್ಕೊಳ್ರೇ, ಅವಳು ತಲೆ ಎತ್ತೋವರೆಗೂ ನಿಂತ್ಕೊಳ್ಳಿ’ ಎಂದು ಅರಚುತ್ತೇನೆ. ಆಮೇಲೆ ಎಡಕ್ಕೆ ಹೋಗುವವಳ ಹಾಗೆ ಎಡಭುಜ ಇಳಿಸಬೇಕು. ಎದುರಾಳಿಯ ಭಾರ ಆ ಕಡೆ ವಾಲಿತು ಅನ್ನುವಾಗ ಎಡಗಾಲಿನಿಂದ ನೆಲ ಒದ್ದು ಬಲಕ್ಕೆ ಚಿಮ್ಮಬೇಕು. ಎದುರಾಳಿಯನ್ನು ನೋಡಬಾರದು, ಖಾಲಿ ಜಾಗವನ್ನು ನೋಡಬೇಕು. ಇಷ್ಟೇ ವಿದ್ಯೆ. ಹೇಳಲು ಒಂದು ಗಳಿಗೆ ಸಾಕು, ಮೈಗೆ ಹತ್ತಲು ಒಂದು ವರ್ಷ. ಮೈಗೆ ಹತ್ತಿತು ಅನ್ನುವಾಗ ಹುಡುಗಿ ಡಿಗ್ರಿ ಮುಗಿಸಿ ಹೊರಟುಹೋಗುತ್ತಾಳೆ. ನಾನು ಮತ್ತೆ ಹೊಸಬರ ಮುಂದೆ ನಿಂತು ಭುಜ ಇಳಿಸಿ ತೋರಿಸಬೇಕು.

ಹೀಗೆ ಬೇಸತ್ತಿದ್ದ ಕಾಲದಲ್ಲಿ ಆ ಹುಡುಗಿ ಬಂದಳು. ಜವಳಗಿರಿಯ ಕಡೆಯವಳು, ರಾಗಿ ಬೆಳೆಯುವವರ ಮನೆಯ ಮಗಳು. ತಳಿ ಊರಿನ ಮೇಲೆ ಹಾದು ಬರುವ ಮೊದಲ ಬಸ್ಸಿಗೆ ಬರುತ್ತಿದ್ದಳು. ಒಂದೊಂದು ದಿನ ತಡವಾಗಿ ಬಂದು, ‘ಆನೆ ರೋಡಲ್ಲೇ ನಿಂತ್ಬುಟ್ಟಿತ್ತು ಮಿಸ್’ ಎನ್ನುವಳು. ಬೇರೆ ಯಾರು ಹೇಳಿದ್ದರೂ ಬೈಯುತ್ತಿದ್ದೆ. ಎತ್ತರದ ಹುಡುಗಿ, ಉದ್ದ ಕೈ. ಬಳೆಯ ಹತ್ತಿರ ಚೆಂಡು ಸಿಕ್ಕಿತೆಂದರೆ ಹಾಕಿಯೇ ಬಿಡುವಳು. ಚೆಂಡು ಸಿಗಬೇಕಲ್ಲ!

ಯಾಕೆಂದರೆ ಅವಳಿಗೆ ಒಂದು ಅಭ್ಯಾಸವಿತ್ತು. ಯಾರಿಗಾದರೂ ಕಾಲು ತಾಕಿದರೆ ತಕ್ಷಣ ಬಗ್ಗಿ, ಅವರನ್ನು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಳ್ಳುವಳು. ನಾವೆಲ್ಲ ಮಾಡುವುದೇ. ಬಸ್ಸಿನಲ್ಲಿ ಪಕ್ಕದವರಿಗೆ ಕಾಲು ತಾಕಿದರೆ ನಾನೂ ಮಾಡುತ್ತೇನೆ. ಆದರೆ ನೆಟ್‌ಬಾಲಿನಲ್ಲಿ ಪಾದಕ್ಕೆ ಪಾದ ತಾಕದೆ ಒಂದು ಕ್ಷಣವೂ ಹೋಗುವುದಿಲ್ಲ. ಎದುರಾಳಿಗೆ ಕಾಲು ತಾಕಿದರೆ ಬಗ್ಗುವಳು. ತನ್ನ ತಂಡದವಳಿಗೆ ತಾಕಿದರೂ ಬಗ್ಗುವಳು. ಕರ್ಮ, ಚೆಂಡಿಗೆ ಕಾಲು ತಾಕಿದರೆ ಚೆಂಡಿಗೂ ಒಂದು ನಮಸ್ಕಾರ. ಅಷ್ಟರಲ್ಲಿ ಎಸೆದ ಚೆಂಡು ಅವಳ ಬೆನ್ನ ಮೇಲಿಂದ ಹಾರಿ ಕಾಂಪೌಂಡಿಗೆ ಬಡಿದಿರುತ್ತಿತ್ತು.

‘ಅದೇನಮ್ಮಿ ನಿಂದು, ಗುಡೀಲಿದ್ದೀಯಾ, ಮೈದಾನದಲ್ಲಿದ್ದೀಯಾ?’ ಎಂದು ರೇಗಿದೆ.

‘ಬೇಕಂತ ಮಾಡಲ್ಲ ಮಿಸ್. ಕೈ ತಾನೇ ಹೋಗ್ಬುಡ್ತದೆ.’

ಬೈದೆ, ಮೈದಾನ ಸುತ್ತಿಸಿದೆ, ಗೇಲಿ ಮಾಡಿದೆ. ಯಾವುದೂ ನಾಟಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಆಡುವಾಗ ಎಷ್ಟು ಸಲ ತಾಕಿದರೂ ಬಗ್ಗುವಂತಿಲ್ಲ, ಆಟ ಮುಗಿದ ಮೇಲೆ ಎಲ್ಲರಿಗೂ ಒಟ್ಟಿಗೆ ತೀರಿಸಬೇಕು. ಅದು ಅವಳಿಗೆ ಒಪ್ಪಿತು. ಸಂಜೆ ಸೀಟಿ ಊದಿದ ಮೇಲೆ ಎಲ್ಲರನ್ನೂ ಒಬ್ಬೊಬ್ಬರಾಗಿ ಮುಟ್ಟಿ ಕಣ್ಣಿಗೊತ್ತಿಕೊಂಡು ಬರುವಳು. ಉಳಿದವರು ‘ನಂದು ಬಾಕಿ ಇದೆ, ನಂದು ಬಾಕಿ ಇದೆ’ ಎಂದು ಸಾಲಾಗಿ ನಿಂತು ಕೀಟಲೆ ಮಾಡುವರು. ಆಟದ ನಡುವೆ ಬಗ್ಗುವುದು ನಿಂತಿತು. ಅಂಟಿಕೊಂಡವರ ಕೈಯಿಂದ ಮೀನಿನ ಹಾಗೆ ಜಾರತೊಡಗಿದಳು. ಅವಳು ಭುಜ ಇಳಿಸಿ, ನೆಲ ಒದ್ದು, ಖಾಲಿ ಜಾಗಕ್ಕೆ ಚಿಮ್ಮಿ ಚೆಂಡು ಹಿಡಿದ ಮೊದಲ ದಿನ ನನಗೆ ಮಂಡಿ ನೋವೇ ಮರೆತುಹೋಗಿತ್ತು. ಬಹಳ ವರ್ಷದ ಮೇಲೆ ನಾನು ಸಂತೋಷದಿಂದ ಮನೆಗೆ ಹೋದ ದಿನ ಅದು.

ಕೊನೆಯ ವರ್ಷದಲ್ಲಿ ಅವಳಿಗೆ ಮದುವೆ ಗೊತ್ತಾಯಿತು. ಗುಮ್ಮಳಾಪುರದ ಕಡೆಯ ಹುಡುಗ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ. ಎಲೆ ಅಡಿಕೆ ಬದಲಾಯಿಸಿದ ಮೇಲೆ, ಶಿಫ್ಟು ಮುಗಿಸಿಕೊಂಡು ಬಂದು, ಇವಳ ಬಸ್ಸು ಹೊರಡುವವರೆಗೂ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದ. ಹೆಚ್ಚು ಮಾತಾಡುತ್ತಿರಲಿಲ್ಲವಂತೆ. ಕಿಟಕಿಯ ಹತ್ತಿರ ಬಂದು ‘ಉಂಡ್ಯಾ?’ ಎಂದು ಕೇಳುವುದು, ಬಸ್ಸು ಹೊರಟರೆ ಕೈ ಎತ್ತುವುದು, ಇಷ್ಟೇ. ಇದನ್ನು ಹೇಳುವಾಗ ಇವಳ ಮುಖ ನೋಡಬೇಕಿತ್ತು.

‘ಮದ್ವೆ ಆದ್ಮೇಲೆ ಆಟ ಎಲ್ಲ ಗೋವಿಂದ’ ಎಂದೆ ನಾನು. ಇಂಥವರನ್ನು ಎಷ್ಟು ಜನರನ್ನು ಕಂಡಿಲ್ಲ!

‘ಇಲ್ಲ ಮಿಸ್. ನಂಗೆ ಎರಡೂ ಬೇಕು’ ಎಂದಳು.

ಎರಡೂ ಸಿಗುವ ದಾರಿಯನ್ನು ಅವಳ ಅತ್ತೆಯೇ, ಅಂದರೆ ಅತ್ತೆಯಾಗಬೇಕಿದ್ದವರೇ, ತೋರಿಸಿದ್ದರು. ಗಂಡ ತೀರಿಕೊಂಡ ಮೇಲೆ ಗುಲಾಬಿ ತೋಟ ನೋಡಿಕೊಂಡು ಇಬ್ಬರು ಮಕ್ಕಳನ್ನು ಸಾಕಿದ ಗಟ್ಟಿ ಹೆಂಗಸು. ಮಾತು ಕಮ್ಮಿ. ನಾನು ಅವರನ್ನು ನೋಡಿದ್ದು ಒಂದೇ ಸಲ, ಆದರೆ ಅವರ ಮಾತನ್ನು ಹುಡುಗಿಯ ಬಾಯಲ್ಲಿ ಕೇಳಿದ್ದೆ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಆಟದ ಕೋಟಾದಲ್ಲಿ ಬಿ.ಪಿ.ಎಡ್. ಸೀಟು ಸಿಗುತ್ತದೆ, ಓದಿದರೆ ಆಟದ ಟೀಚರ್ ಆಗಬಹುದು ಎಂದು ಹುಡುಗಿ ತಾನೇ ಧೈರ್ಯ ಮಾಡಿ ಹೇಳಿದ್ದಳಂತೆ. ಅದಕ್ಕೆ ಆಕೆ, ‘ಆಯ್ಕೆ ಆದ್ರೆ ಓದ್ಕೋ. ಮದ್ವೆ ಎರಡು ವರ್ಷ ಬಿಟ್ಟು ಮಾಡ್ಕೊಂಡ್ರಾಯ್ತು. ಆಗ್ದಿದ್ರೆ ಸಂಕ್ರಾಂತಿ ಕಳುದ್ಮೇಲೆ ಮದ್ವೆ. ಆಮೇಲೆ ಓದು ಗೀದು ಅಂತ ನೀನು ಎತ್ತಂಗಿಲ್ಲ’ ಎಂದಿದ್ದರು. ಹುಡುಗನೂ ಹೂಂ ಅಂದಿದ್ದ.

ಹಾಗಾಗಿ ಆ ಸಲದ ಕಾಲೇಜುಗಳ ಟೂರ್ನಮೆಂಟು ನಮಗೆ ಬರೀ ಟೂರ್ನಮೆಂಟಾಗಿ ಉಳಿಯಲಿಲ್ಲ. ಕೃಷ್ಣಗಿರಿಯ ಒಂದು ಕಾಲೇಜಿನ ಮೈದಾನದಲ್ಲಿ ಆಟ. ಆಯ್ಕೆ ಮಾಡುವವರು ಅಲ್ಲಿಗೇ ಬರುವವರಿದ್ದರು. ಬೆಳಿಗ್ಗೆ ಬಸ್ಸು ಶೂಳಗಿರಿ ದಾಟುವಾಗ ಪಕ್ಕದಲ್ಲಿ ಕೂತಿದ್ದ ಹುಡುಗಿ ಮೆಲ್ಲಗೆ ಬಾಯಿ ಬಿಟ್ಟಳು.

‘ಮಿಸ್, ಇವತ್ತು ನನ್ನ ಮಾರ್ಕ್ ಮಾಡೋದು ನಮ್ ನಾದ್ನಿ.’

‘ಯಾವ ನಾದ್ನಿ?’

‘ಅವ್ರ ತಂಗಿ. ಎದುರು ಟೀಮಲ್ಲಿ ಗೋಲ್ ಡಿಫೆನ್ಸ್ ಆಡ್ತಾರೆ. ಅತ್ತೇನೂ ನೋಡಕ್ಕೆ ಬತ್ತಾವ್ರೆ.’

ನನ್ನ ಹಣೆಬರಹ. ಇಡೀ ಜಿಲ್ಲೆಯಲ್ಲಿ ಇವಳಿಗೆ ಅಂಟಿಕೊಳ್ಳಲು ಬೇರೆ ಯಾರೂ ಸಿಗಲಿಲ್ಲವೇ! ‘ಆಟದಲ್ಲಿ ನಾದ್ನಿ ಇಲ್ಲ, ಅತ್ತೆ ಇಲ್ಲ. ನಮ್ಮ ಒಪ್ಪಂದ ನೆನಪಿರ್ಲಿ. ಎಲ್ಲ ಕೊನೇಲಿ ಒಟ್ಟಿಗೆ’ ಎಂದೆ. ಅವಳು ತಲೆಯಾಡಿಸಿದಳು. ಅದು ಹೂಂ ಎಂಬ ತಲೆಯೋ ಊಹೂಂ ಎಂಬ ತಲೆಯೋ ಕೇಳುವ ತ್ರಾಣ ನನಗಿರಲಿಲ್ಲ.

ಆಯ್ಕೆ ಮಾಡುವವರಿಬ್ಬರು ಬೇವಿನ ಮರದ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಟೀ ಕುಡಿಯುತ್ತಿದ್ದರು. ಅತ್ತೆ ಗೆರೆಯ ಹತ್ತಿರವೇ, ಊಟದ ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದರು. ನಾದಿನಿ ಇವಳಿಗಿಂತ ಒಂದು ವರ್ಷ ದೊಡ್ಡವಳು, ಗಿಡ್ಡ, ಗುಂಡುಗುಂಡಗೆ, ಕಣ್ಣು ಮಾತ್ರ ಚುರುಕು. ಬಂದವಳೇ ನಕ್ಕು ‘ಚೆನ್ನಾಗಿದ್ದೀರಾ?’ ಎಂದಳು. ಸೀಟಿ ಊದಿದ್ದೇ ತಡ, ಇವಳ ಬೆನ್ನಿಗೆ ಅಂಟಿಕೊಂಡಳು.

ನಾಲ್ಕು ಭಾಗದ ಆಟ. ಮೊದಲ ಭಾಗದಲ್ಲೇ ಆಗಬಾರದ್ದು ಆಯಿತು. ಹುಡುಗಿ ಸರಿಯಾದ ಹೊತ್ತಿಗೆ ಭುಜ ಇಳಿಸಿದಳು. ನಾದಿನಿ ವಾಲಿದಳು. ಇನ್ನೇನು ಚಿಮ್ಮಬೇಕು, ಪಾದ ನಾದಿನಿಯ ಪಾದಕ್ಕೆ ತಾಕಿತು. ಇವಳು ಬಗ್ಗಿಬಿಟ್ಟಳು. ಮುಟ್ಟಿ ಕಣ್ಣಿಗೊತ್ತಿಕೊಂಡಳು. ಚೆಂಡು ತಲೆಯ ಮೇಲೆ ಹಾದು ಗೆರೆಯಾಚೆ ಬಿತ್ತು. ನೋಡುತ್ತಿದ್ದ ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ಕಲ್ಲಿನ ಮೇಲೆ ಕೂತಿದ್ದ ಅತ್ತೆಯ ಮುಖ ಮಾತ್ರ ಅರಳಿತ್ತು. ಎಂಥ ಸೊಸೆ ಬರುತ್ತಿದ್ದಾಳೆ ಎಂಬ ಹಾಗೆ ಪಕ್ಕದವರ ಕಡೆ ತಿರುಗಿ ನೋಡಿದರು. ಎರಡನೆಯ ಭಾಗದಲ್ಲೂ ಅದೇ ಕತೆ. ಬೇವಿನ ಮರದ ಕೆಳಗಿದ್ದವರಲ್ಲಿ ಒಬ್ಬರು ಫೋನು ತೆಗೆದು ನೋಡುತ್ತ ಕೂತರು.

ಅರ್ಧ ಆಟಕ್ಕೆ ಬಂದಾಗ ನನಗೆ ತಡೆಯಲಾಗಲಿಲ್ಲ. ‘ಏನೇ ಇದು? ಅವಳ ಕಾಲಿಗೇ ಬೀಳೋದಾದ್ರೆ ಇಷ್ಟು ದೂರ ಬಸ್ಸಲ್ಲಿ ಯಾಕೆ ಬರಬೇಕಿತ್ತು? ಊರಲ್ಲೇ ಬೀಳಬಹುದಿತ್ತಲ್ಲ!’

‘ಅತ್ತೆ ನೋಡ್ತಾವ್ರೆ ಮಿಸ್. ಬಗ್ಗದಿದ್ರೆ ಏನಂದ್ಕೊತಾರೋ.’

‘ಬಗ್ತಾ ಇದ್ರೆ ಸೆಲೆಕ್ಟರ್ ಏನಂದ್ಕೊತಾರೆ, ಅದು ಗೊತ್ತಾ?’

ಅವಳು ಬಾಟಲಿ ಎತ್ತಿ ನೀರು ಕುಡಿದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ನನಗೆ ಒಮ್ಮೆಲೇ ಎಲ್ಲ ಸಾಕೆನಿಸಿತು. ಬೈಗುಳವೂ ಬರಲಿಲ್ಲ. ‘ನೋಡಮ್ಮಾ, ನನ್ನ ಕೈಲಿ ಆಗೋದೆಲ್ಲ ಹೇಳ್ಕೊಟ್ಟಾಯ್ತು. ನಿಂದು ನೀನು ನೋಡ್ಕೋ’ ಎಂದು ಬೆಂಚಿನ ಮೇಲೆ ಕೂತುಬಿಟ್ಟೆ.

ಮೂರನೆಯ ಭಾಗದಲ್ಲಿ ಅವಳು ಹೊಸ ಉಪಾಯ ಹೂಡಿದಳು. ಕಾಲು ತಾಕಿದರಲ್ಲವೇ ಬಗ್ಗಬೇಕಾದ್ದು? ನಾದಿನಿಯ ಹತ್ತಿರಕ್ಕೇ ಹೋಗದೆ, ಗೆರೆಯ ಮೂಲೆಗೆ ಓಡಿ ನಿಲ್ಲತೊಡಗಿದಳು. ಪಾಪ, ಬುದ್ಧಿವಂತಿಕೆಯೇ. ಆದರೆ ಅಷ್ಟು ದೂರ ಚೆಂಡು ಸಿಕ್ಕಿ ಏನು ಪ್ರಯೋಜನ? ಬಳೆಯ ಹತ್ತಿರದ ಅರ್ಧವೃತ್ತದ ಒಳಗಿಂದಲೇ ಚೆಂಡು ಹಾಕಬೇಕು. ಒಳಗೆ ಬಂದರೆ ನಾದಿನಿ ಕಾದಿರುತ್ತಾಳೆ. ದೂರ ಓಡಿಹೋಗುವುದು ಬಿಡಿಸಿಕೊಳ್ಳುವುದಲ್ಲ ಎಂದು ನಾನು ಕಲಿಸಿದ್ದೆ. ಹತ್ತಿರ ನಿಂತೇ ಬಿಡಿಸಿಕೊಳ್ಳಬೇಕು. ಕೂಗಿ ಹೇಳೋಣವೆಂದು ಎದ್ದವಳು ಮತ್ತೆ ಕೂತೆ. ಅವಳಿಗೆ ಗೊತ್ತಿಲ್ಲದ್ದೇನೂ ಅದರಲ್ಲಿರಲಿಲ್ಲ.

ಕೊನೆಯ ಭಾಗ ಶುರುವಾಯಿತು. ಹುಡುಗಿ ಮೂಲೆ ಬಿಟ್ಟು ಒಳಗೆ ಬಂದಳು. ನಾದಿನಿಯ ಮಗ್ಗುಲಿಗೇ ಬಂದು ನಿಂತಳು. ನಮ್ಮವಳೊಬ್ಬಳು ಚೆಂಡು ಹಿಡಿದು, ಕಾಲೂರಿ, ತಲೆ ಎತ್ತಿದಳು. ಹುಡುಗಿ ಎಡಭುಜ ಇಳಿಸಿದಳು. ನಾದಿನಿ ಎಡಕ್ಕೆ ವಾಲಿದಳು. ಇವಳ ಪಾದ ಅವಳ ಪಾದಕ್ಕೆ ಚೆನ್ನಾಗಿಯೇ ತಾಕಿತು, ಬೆಂಚಿನ ಮೇಲಿದ್ದ ನನಗೇ ಕಾಣುವ ಹಾಗೆ. ಆಟಕ್ಕೆ ಅಡ್ಡಿಯಾಗದ ತಾಕು, ಅಂಪೈರ್ ಸೀಟಿ ಊದಲಿಲ್ಲ. ಹುಡುಗಿ ಬಗ್ಗಲಿಲ್ಲ. ಬಲಕ್ಕೆ ಚಿಮ್ಮಿದಳು, ಎರಡೂ ಕೈಯಲ್ಲಿ ಚೆಂಡು ಹಿಡಿದಳು, ತಿರುಗಿ ಬಳೆಯೊಳಗೆ ಹಾಕಿದಳು.

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಎಡಕ್ಕೆ ತೋರಿಸಿ ಬಲಕ್ಕೆ, ಬಲಕ್ಕೆ ತೋರಿಸಿ ಬಲಕ್ಕೇ, ನಿಂತಲ್ಲೇ ನಾದಿನಿಯನ್ನು ಬೆನ್ನ ಹಿಂದೆ ಉಳಿಸಿಕೊಂಡು ಮುಂದೆ ಬಂದ ಚೆಂಡಿಗೆ. ನಾದಿನಿಯೂ ಬಿಡಲಿಲ್ಲ, ಸೈ ಅನ್ನಿಸುವ ಹಾಗೆ ಆಡಿದಳು. ಅಂಥವಳು ಅಂಟಿಕೊಂಡದ್ದರಿಂದಲೇ ಇವಳ ಆಟ ಎದ್ದು ಕಂಡಿತು. ಬೇವಿನ ಮರದ ಕೆಳಗಿನ ಫೋನು ಜೇಬು ಸೇರಿತ್ತು. ನಾನು ಮಂಡಿಯನ್ನೂ ಮರ್ಯಾದೆಯನ್ನೂ ಮರೆತು ಬೆಂಚಿನ ಮೇಲೆ ಹತ್ತಿ ನಿಂತು ‘ಹಂಗೇ! ಹಂಗೇ ಕಣೇ!’ ಎಂದು ಕಿರುಚುತ್ತಿದ್ದೆ.

ಪಂದ್ಯ ಸೋತೆವು. ಸಂಜೆ ಹೆಸರು ಓದಿದಾಗ ಇಬ್ಬರೂ ಆಯ್ಕೆಯಾಗಿದ್ದರು, ಇವಳೂ, ನಾದಿನಿಯೂ. ಕೊನೆಯ ಸೀಟಿ ಬಿದ್ದ ಕೂಡಲೇ ಹುಡುಗಿ ಒಪ್ಪಂದದ ಪ್ರಕಾರ ನೇರವಾಗಿ ನಾದಿನಿಯ ಹತ್ತಿರ ಹೋಗಿ ಬಗ್ಗಿದ್ದಳು. ಅವಳು ‘ಅಯ್ಯೋ, ಬಿಡಿ ಅತ್ಗೆ’ ಎಂದು ನಗುತ್ತ ಎತ್ತಿ ತಬ್ಬಿಕೊಂಡಳು. ಅತ್ತೆಯೂ ಬಂದರು. ಬುತ್ತಿ ಬಿಚ್ಚಿ, ಮಗಳಿಗೂ ಇವಳಿಗೂ ಚಿತ್ರಾನ್ನ ಬಡಿಸಿದರು. ನನಗೂ ಕೊಟ್ಟರು. ಹೊರಡುವಾಗ ಹುಡುಗಿಯ ಮುಖ ನೋಡಿ, ‘ಆಗ ಬಗ್ಗದೋಳು ಈಗ ಬಗ್ಗುದ್ರೆ ಏನು ಬಂತು?’ ಎಂದರು. ದನಿ ಏರಿಸಿರಲಿಲ್ಲ. ನಾನು ಆಟದ ನಿಯಮ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಮಗಳನ್ನು ಕರೆದುಕೊಂಡು ನಡೆದಿದ್ದರು.

ದೀಪಾವಳಿ ಕಳೆದ ಮೇಲೆ ನೆಂಟರೊಬ್ಬರ ಬಾಯಲ್ಲಿ ಹುಡುಗಿಯ ಮನೆಗೆ ಅತ್ತೆಯ ಮಾತು ಬಂತು. ಓದಿಕೊಳ್ಳಲಿ ಎಂದು ಮಾತು ಕೊಟ್ಟಿದ್ದೆವು, ಓದಿಕೊಳ್ಳಲಿ. ಆದರೆ ಎರಡು ವರ್ಷ ಕಾಯುವುದು ನಮ್ಮಿಂದಾಗದು. ಹುಡುಗನಿಗೆ ಬೇರೆ ಕಡೆ ನೋಡುತ್ತೇವೆ. ಹುಡುಗ ತಾಯಿಯ ಮಾತು ಮೀರಲಿಲ್ಲ. ಬಸ್ ಸ್ಟ್ಯಾಂಡಿಗೂ ಬರುವುದು ಬಿಟ್ಟ.

ಹುಡುಗಿ ಅದನ್ನು ಹೇಳಲು ಆಟದ ಸಾಮಾನಿನ ಕೋಣೆಗೆ ಬಂದಿದ್ದಳು. ಕೇಳಿದ ಕೂಡಲೇ ನನಗೆ ಸಿಟ್ಟು ನೆತ್ತಿಗೇರಿತು. ಇದೆಂಥ ಅನ್ಯಾಯ! ಪಾದ ತಾಕಿದ್ದಕ್ಕೆ ಮದುವೆ ಮುರಿಯುವುದೇ? ‘ನಡಿ, ಗುಮ್ಮಳಾಪುರಕ್ಕೆ ನಾನೇ ಬತ್ತೀನಿ’ ಎಂದೆ. ಅವಳು ಕದಲಲಿಲ್ಲ. ನಾನು ದನಿ ತಗ್ಗಿಸಿ ಸಮಾಧಾನ ಹೇಳಿದೆ. ‘ಕೇಳಿಲ್ಲಿ. ಆಟದ ಭರದಲ್ಲಿ ಕಾಲು ತಾಕಿದ್ದು ಇವಳಿಗೆ ಗೊತ್ತೇ ಆಗ್ಲಿಲ್ಲ, ಗೊತ್ತಾಗಿದ್ರೆ ಬಗ್ಗದೆ ಇರೋಳಲ್ಲ ಅಂತ ಹೇಳ್ತೀನಿ. ಟೀಚರ್ ಹೇಳಿದ್ರೆ ನಂಬ್ತಾರೆ. ಅವರಿಗೂ ಹೆಣ್ಣುಮಗಳಿದ್ದಾಳೆ.’

‘ಬೇಡ ಮಿಸ್.’

‘ಯಾಕೆ? ಆ ಹುಡುಗ ಬೇಡ್ವಾ ನಿಂಗೆ?’

‘ಬೇಕು’ ಎಂದಳು. ಅಷ್ಟು ಹೊತ್ತು ಗಟ್ಟಿಯಾಗಿದ್ದವಳು ಆ ಒಂದು ಮಾತಿಗೆ ಅಳತೊಡಗಿದಳು. ಎಷ್ಟೋ ಹೊತ್ತಿನ ಮೇಲೆ ದುಪಟ್ಟಾದಲ್ಲಿ ಮುಖ ಒರೆಸಿಕೊಂಡಳು. ‘ಆದ್ರೆ ಗೊತ್ತಾಗ್ಲಿಲ್ಲ ಅಂತ ಹೇಳ್ಬೇಡಿ ಮಿಸ್. ತಾಕಿದ್ದು ಗೊತ್ತಾಯ್ತು. ಅತ್ತೆ ನನ್ನೇ ನೋಡ್ತಾವ್ರೆ ಅನ್ನೋದೂ ಗೊತ್ತಿತ್ತು. ಬಗ್ಗದಿದ್ರೆ ಇಂಗೇ ಆಯ್ತದೆ ಅಂತ್ಲೂ ಅನ್ನಿಸ್ತು. ಚೆಂಡು ಬತ್ತಾ ಇತ್ತು ಮಿಸ್.’

ನಾನು ಗುಮ್ಮಳಾಪುರಕ್ಕೆ ಹೋಗಲಿಲ್ಲ.